ಗೋಡೆರಾಯನನ್ನು ಕರೆಯಬಾರದು

ಕೊರಿಯರಿನವರು ಬೆಳಿಗ್ಗೆ ಇಟ್ಟು ಹೋಗಿದ್ದ ರಟ್ಟಿನ ಡಬ್ಬ, ನಾನು ಲ್ಯಾಬಿನ ಕೆಲಸ ಮುಗಿಸಿ ಮನೆಗೆ ಬರುವ ಹೊತ್ತಿಗೆ ಇಡೀ ದಿನದ ಬಿಸಿಲು ಕುಡಿದು ಕಾದಿತ್ತು. ಅಂಟುಪಟ್ಟಿ ಕೊಯ್ದು ಮುಚ್ಚಳ ಎತ್ತಿದೆ. ಬಿಸಿ ಕಾಗದ, ಹೊಸ ಬಣ್ಣ, ರಾಳ ಎಲ್ಲ ಬೆರೆತ ವಾಸನೆಯೊಂದು ಮುಖಕ್ಕೆ ಬಡಿಯಿತು. ಅರ್ಧ ಹಸಿ, ಅರ್ಧ ಹುರಿದದ್ದು, ಕೊನೆಯಲ್ಲಿ ಒಂಚೂರು ಸಿಹಿ. ಹುಣಸೂರು, ಪಿರಿಯಾಪಟ್ಟಣದ ಕಡೆ ಹುಟ್ಟಿ ಬೆಳೆದವರಿಗೆ ಈ ವಾಸನೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಬಾಗಿಲ ಸಂದಿಯಲ್ಲಿ ಮೂರನೇ ದಿನ ಬರುವ ವಾಸನೆ ಥೇಟ್ ಹೀಗೇ ಇರುತ್ತದೆ. ನನ್ನಂಥ ನಲವತ್ತು ದಾಟಿದ ಹೆಂಗಸು ಕಾಮಿಕ್ಸ್ ಪುಸ್ತಕದ ಗೊಂಬೆ ತರಿಸಿಕೊಂಡಿದ್ದೇ ನಗೆಪಾಟಲು. ಅದರ ಮುಂದೆ ನೆಲದ ಮೇಲೆ ಕುಕ್ಕರಿಸಿ ಅಳುವುದು ಇನ್ನೂ ನಗೆಪಾಟಲು. ಆದರೂ ಅತ್ತೆ. ಅಳು ಮುಗಿದ ಮೇಲೆ ಗೊಂಬೆಯನ್ನು ಹೊರಗೆತ್ತಿದೆ.

ಗೊಂಬೆ ಎಂದರೆ ಗೋಡೆರಾಯ. ಮೊಣಕೈಯುದ್ದದ ಇಟ್ಟಿಗೆ ಗೋಡೆ, ಅದರಿಂದ ಹೊರಬರುತ್ತಿರುವ ಒಬ್ಬ ಮನುಷ್ಯ. ತಲೆ, ಎದೆ, ಬಲಗೈ, ಬಲಗಾಲು ಹೊರಗಿವೆ. ಉಳಿದದ್ದು ಇನ್ನೂ ಗೋಡೆಯೊಳಗೆ. ಬುಡದಲ್ಲಿ ಇಂತಿಷ್ಟರಲ್ಲಿ ಇದು ಇಂತಿಷ್ಟನೆಯದು ಎಂದು ಸಂಖ್ಯೆ ಕೊರೆದಿದ್ದಾರೆ, ಇಂಥವನ್ನು ಕೂಡಿಡುವವರಿಗೆ ಅದೇ ಮುಖ್ಯವಂತೆ. ನಾನು ನೋಡಿದ್ದು ಅವನ ಅಂಗಿಯನ್ನು. ಅದು ಕಡುನೀಲಿ. ನಾವು ಓದುತ್ತಿದ್ದ ಕನ್ನಡದ ಪುಸ್ತಕಗಳನ್ನು ಬರೀ ಕೆಂಪು, ಕಪ್ಪು ಎರಡೇ ಬಣ್ಣದಲ್ಲಿ ಅಚ್ಚು ಹಾಕುತ್ತಿದ್ದರು, ಹಾಗಾಗಿ ಮೂವತ್ತು ವರ್ಷ ಅವನಿಗೆ ಕೆಂಪಂಗಿ ಎಂದೇ ನಂಬಿಕೊಂಡು ಬದುಕಿದ್ದೆ. ಅವನು ಯಾವುದೋ ದೂರದೇಶದ ವೀರ, ಮೊದಲ ಹೆಸರು ಏನಿತ್ತೋ, ಕನ್ನಡಕ್ಕೆ ತಂದ ಪುಣ್ಯಾತ್ಮರು ಗೋಡೆರಾಯ ಎಂದು ನಾಮಕರಣ ಮಾಡಿದ್ದರು. ಅವನು ಹಾರುತ್ತಿರಲಿಲ್ಲ, ಬೆಟ್ಟ ಎತ್ತುತ್ತಿರಲಿಲ್ಲ. ಮೂಲದಲ್ಲಿ ಅವನೊಬ್ಬ ಗಾರೆ ಕೆಲಸದವನು. ದೊಡ್ಡ ಸೆರೆಮನೆಯೊಂದನ್ನು ಕಟ್ಟಿಕೊಟ್ಟ. ಅದರ ಒಳದಾರಿಯ ಗುಟ್ಟು ಬಯಲಾದೀತೆಂದು ಕಟ್ಟಿಸಿದವರು ಅವನನ್ನೇ ಗೋಡೆಯೊಳಗಿಟ್ಟು ಮುಚ್ಚಿಬಿಟ್ಟರು. ನಲವತ್ತು ದಿನ ಒಳಗಿದ್ದು ಹೊರಬಂದವನಿಗೆ ಯಾವ ಗೋಡೆಯನ್ನಾದರೂ ಹಾಯ್ದು ಹೋಗುವ ಶಕ್ತಿ ಬಂತು. ಆದರೆ ಜೊತೆಯಲ್ಲಿ ಇನ್ನೊಬ್ಬರನ್ನು ಒಯ್ಯಲಾಗದು. ತಾನೊಬ್ಬನೇ ಒಳಗೆ ಹೋಗಿ, ಚಿಲಕ ಹುಡುಕಿ, ಬಾಗಿಲು ತೆರೆದು ಸಿಕ್ಕಿಬಿದ್ದವರನ್ನು ಬಿಡಿಸಬೇಕು. ಇನ್ನೊಂದು ಕಟ್ಟುಪಾಡಿತ್ತು. ಅವನು ಗೋಡೆಯ ನಡುವೆ ಇರುವಾಗ ಯಾರೂ ಹೆಸರು ಹಿಡಿದು ಕರೆಯಬಾರದು. ಕರೆದಾಗ ಅವನು ಹಿಂದಿರುಗಿ ನೋಡಿದರೆ ಗೋಡೆ ಗಟ್ಟಿಯಾಗಿ ಅವನನ್ನು ಅಲ್ಲೇ ಹಿಡಿದುಬಿಡುತ್ತದೆ.

ಇದನ್ನೆಲ್ಲ ನನಗೆ ಓದಿ ಹೇಳಿದವಳು ಜಯತ್ತೆ, ಅಪ್ಪನ ತಂಗಿ. ಗುರುಪುರದ ಆಚೆಗಿನ ನಮ್ಮ ಊರಿನಲ್ಲಿ ಮನೆ ಅಂದರೆ ತಾತ, ಅಜ್ಜಿ, ಅಪ್ಪ, ಅಮ್ಮ, ಜಯತ್ತೆ, ನಾನು, ಮತ್ತು ಬ್ಯಾರನ್. ಬ್ಯಾರನ್ನನ್ನು ಮನೆಮಂದಿಯ ಲೆಕ್ಕದಲ್ಲೇ ಹೇಳಬೇಕು, ಏಕೆಂದರೆ ಎಲ್ಲರಿಗಿಂತ ಹೆಚ್ಚು ಉಪಚಾರ ನಡೆಯುತ್ತಿದ್ದದ್ದು ಅದಕ್ಕೇ. ಕಿಟಕಿಯಿಲ್ಲದ ಎತ್ತರದ ಮಣ್ಣುಗೋಡೆಯ ಕೋಣೆ, ಒಂದೇ ಬಾಗಿಲು, ಬಾಗಿಲ ಪಕ್ಕದಲ್ಲಿ ಒಳಗಿನ ಥರ್ಮಾಮೀಟರ್ ನೋಡಲು ಅಂಗೈಯಗಲದ ಒಂದು ಗಾಜು. ಹಸಿ ಎಲೆಗಳನ್ನು ಕಡ್ಡಿಗೆ ಕಟ್ಟಿ ಒಳಗೆ ಸಾಲುಸಾಲಾಗಿ ತೂಗುಹಾಕಿ ಬಾಗಿಲು ಜಡಿದು ಒಲೆ ಹಚ್ಚಿದರೆ ಐದಾರು ದಿನ ತೆರೆಯುವಂತಿಲ್ಲ. ಕಾವು ಹೆಚ್ಚಾದರೆ ಎಲೆ ಕಪ್ಪಾಗುತ್ತದೆ, ಕಡಿಮೆಯಾದರೆ ಬಣ್ಣ ನಿಲ್ಲುವುದಿಲ್ಲ. ಥರ್ಮಾಮೀಟರ್ ಏನೇ ಹೇಳಲಿ, ಎಲೆ ಹದಕ್ಕೆ ಬಂತೋ ಇಲ್ಲವೋ ಎನ್ನುವುದನ್ನು ಕೊನೆಗೆ ಹೇಳಬೇಕಾದದ್ದು ಮೂಗು. ತಾತನ ಮೂಗನ್ನು ನಶ್ಯ ತಿಂದುಹಾಕಿತ್ತು. ಹೊಗೆಸೊಪ್ಪು ಬೆಳೆಯುವವನ ಮೂಗನ್ನು ಹೊಗೆಸೊಪ್ಪೇ ಕೊಂದಿತ್ತು. ಅಪ್ಪನಿಗೆ ಒಂದು ಕಡೆ ಕೂರುವ ತಾಳ್ಮೆ ಇರಲಿಲ್ಲ. ಜಯತ್ತೆ ಮಾತ್ರ ಬಾಗಿಲ ಸಂದಿಗೆ ಮೂಗಿಟ್ಟು, ಕಣ್ಣು ಮುಚ್ಚಿ, ಒಲೆಗೆ ಎರಡು ಸೌದೆ ಸಾಕು ಅಥವಾ ಬೇಡ ಎಂದು ಹೇಳಿದರೆ ಅದು ತಪ್ಪುತ್ತಿರಲಿಲ್ಲ. ಅಕ್ಕಪಕ್ಕದ ಊರಿನವರೂ ಅವಳ ಮೂಗನ್ನು ಹೊಗಳುತ್ತಿದ್ದರು. ಆ ಹೊಗಳಿಕೆಯೇ ಅವಳ ಕಾಲಿಗೆ ಹಗ್ಗವಾದದ್ದು ಆಗ ನನಗೆ ತಿಳಿಯಲಿಲ್ಲ.

ಅವಳು ಹುಣಸೂರಿನಲ್ಲಿ ಪಿಯುಸಿ ಓದುವಾಗ ಬಸ್ ಸ್ಟ್ಯಾಂಡಿನ ಹಳೇ ಪುಸ್ತಕದ ಅಂಗಡಿಯಲ್ಲಿ ಗೋಡೆರಾಯನನ್ನು ಒಂದೊಂದಾಗಿ ಕೂಡಿಹಾಕಿದ್ದಳು. ರಟ್ಟು ಹರಿದ ಆ ಪುಸ್ತಕಗಳು ಅವಳ ಟ್ರಂಕಿನಲ್ಲಿದ್ದವು, ಟ್ರಂಕಿನ ಬೀಗದಕೈ ಅವಳ ತಾಳಿಯಿಲ್ಲದ ಕೊರಳ ಕರಿದಾರದಲ್ಲಿತ್ತು. ಒಂದು ಸಲ ಬ್ಯಾರನ್ ಹತ್ತಿಸಿದರೆ ಒಂದು ಪುಸ್ತಕ, ಅದು ಅವಳ ನಿಯಮ. ನಾನೇ ಓದಿಕೊಳ್ಳುತ್ತೇನೆ ಎಂದರೆ ಕೊಡುತ್ತಿರಲಿಲ್ಲ. ಒಲೆಯ ಮುಂದಿನ ಚಪ್ಪಡಿ ಕಲ್ಲಿನ ಮೇಲೆ ಕೂತು, ದಿನಕ್ಕೆ ನಾಲ್ಕು ಪುಟ, ಸೆರೆಮನೆಯವರಿಗೆ ಒಂದು ದನಿ, ಗೋಡೆರಾಯನಿಗೆ ಒಂದು ದನಿ. ಕರೆಯಬಾರದು ಎಂಬ ಕಟ್ಟುಪಾಡು ಬಂದಾಗ ಅಜ್ಜಿ ಕೂಡ ಸೌದೆ ಜೋಡಿಸುವುದನ್ನು ಬಿಟ್ಟು ಕೇಳುತ್ತಿದ್ದರು, ಅದು ನಮ್ಮ ಮನೆಯದೇ ಪದ್ಧತಿ ಎನ್ನುವಂತೆ. ನಮ್ಮಲ್ಲೂ ಹೊರಟವರನ್ನು ಹಿಂದಿನಿಂದ ಕೂಗಬಾರದು. ಕೂಗಿದರೆ ಅವರು ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದೇ ಮತ್ತೆ ಹೊರಡಬೇಕು, ಇಲ್ಲದಿದ್ದರೆ ಹೋದ ಕೆಲಸ ಆಗುವುದಿಲ್ಲ. ಆ ದೂರದೇಶದವರಿಗೂ ಇದು ಗೊತ್ತಲ್ಲ ಎಂದು ಅಜ್ಜಿಗೆ ಮೆಚ್ಚುಗೆ.

ನನಗೆ ಹತ್ತು ವರ್ಷವಾಗಿದ್ದಾಗ ಜಯತ್ತೆಗೆ ಮೈಸೂರಿನಿಂದ ಒಂದು ಕಾರ್ಡು ಬಂತು. ನರ್ಸ್ ತರಬೇತಿಗೆ ಅರ್ಜಿ ಹಾಕಿದ್ದಳಂತೆ, ಇಂಥ ದಿನ ಇಂಥ ಹೊತ್ತಿಗೆ ಸಂದರ್ಶನಕ್ಕೆ ಬರಬೇಕು, ತಪ್ಪಿದರೆ ಮತ್ತೆ ಅವಕಾಶವಿಲ್ಲ. ತಾತ ಬೇಡವೆನ್ನಲಿಲ್ಲ. ತಾತ ಯಾವತ್ತೂ ಯಾವುದಕ್ಕೂ ಬೇಡವೆಂದವರಲ್ಲ. "ಇದೊಂದು ಬ್ಯಾರನ್ ಆಗ್ಲಿ ಬುಡು, ಆಮ್ಯಾಕೆ ಓಗೀವಂತೆ" ಎಂದರು. ಹಿಂದಿನ ವರ್ಷ ಟೀಚರ್ ತರಬೇತಿಯ ವಿಷಯಕ್ಕೂ ಇದೇ ಮಾತು, ಅವಳನ್ನು ನೋಡಲು ಭೇರ್ಯದಿಂದ ಗಂಡಿನ ಕಡೆಯವರು ಬರುತ್ತೇವೆಂದಾಗಲೂ ಇದೇ ಮಾತು. ಒಂದು ಬ್ಯಾರನ್ ಆಗುವಷ್ಟರಲ್ಲಿ ಇನ್ನೊಂದಕ್ಕೆ ಎಲೆ ಹಣ್ಣಾಗಿರುತ್ತಿತ್ತು. ಜಗಳವಾಡಿದ್ದರೆ ಗೆಲ್ಲಬಹುದಿತ್ತೇನೋ, ಇಷ್ಟು ಮೆತ್ತಗಿನ ಮಾತಿನ ಜೊತೆ ಯಾರು ಹೇಗೆ ಜಗಳವಾಡುವುದು? ಸಂದರ್ಶನದ ದಿನ ಸರಿಯಾಗಿ ಬ್ಯಾರನ್ನಿನ ಮೂರನೇ ದಿನವೇ ಬಿತ್ತು, ಹಳದಿ ಬಣ್ಣ ನಿಲ್ಲುವ ದಿನ. ಅಜ್ಜಿ ಒಂದು ಉಪಾಯ ಮಾಡಿದರು. ತಾತ ಕೆರೆಗೆ ಸ್ನಾನಕ್ಕೆ ಹೋದ ಹೊತ್ತಿಗೆ ಟಿಬೆಟ್ ಕ್ಯಾಂಪಿನ ಕಡೆಯಿಂದ ಬಸ್ಸು ಬರುತ್ತದೆ, ಹತ್ತಿಬಿಡು, ಸಂಜೆಗೆ ಬಾ, ನಾನು ಹೇಳಿಕೊಳ್ಳುತ್ತೇನೆ ಎಂದರು. ಜಯತ್ತೆ ಕಾವನ್ನು ಹದಕ್ಕೆ ತಂದಿಟ್ಟು, ಆ ಗುರುತಿಗೆ ಸರಿಯಾಗಿ ಗಾಜಿನ ಹೊರಗೆ ಅಡ್ಡಲಾಗಿ ಕೆಂಪು ದಾರ ಅಂಟಿಸಿದಳು. ಗಾಜಿನಲ್ಲಿ ನೋಡುತ್ತಿರು, ಪಾದರಸ ದಾರ ಮುಟ್ಟಿದರೆ ಅಪ್ಪನಿಗೆ ಹೇಳಿ ಸೌದೆ ಈಚೆಗೆ ಎಳೆಸು ಎಂದು ನನಗೆ ಒಪ್ಪಿಸಿದಳು.

ಅವಳು ಹಸಿರು ಸೀರೆ ಉಟ್ಟು, ಬಟ್ಟೆಯ ಚೀಲ ಹಿಡಿದು ನನ್ನ ಮುಂದೆಯೇ ಹಾದುಹೋದಳು. ಟ್ರಂಕಿನಲ್ಲಿ ಓದಿ ಮುಗಿಯದೆ ಉಳಿದದ್ದು ಒಂದೇ ಪುಸ್ತಕ, ಕೊನೆಯದು. ಇವಳು ಹೋಗಿ ಅಲ್ಲೇ ಉಳಿದುಬಿಟ್ಟರೆ ಅದನ್ನು ಓದುವವರು ಯಾರು, ನನ್ನ ಪಕ್ಕದಲ್ಲಿ ಮಲಗುವವರು ಯಾರು, ಈ ಬಿಸಿ ಗೋಡೆಯ ಮುಂದೆ ನಾನೊಬ್ಬಳೇ ಕೂರಬೇಕೇ ಎಂಬ ಭಯ ಹಿಡಿಯಿತು. ಅವಳು ಬೇಲಿ ದಾಟಿ ಬಂಡಿಜಾಡಿನಲ್ಲಿ ಹತ್ತು ಹೆಜ್ಜೆ ಹೋಗಿದ್ದಳು. ನಾನು ಕೂಗಿದೆ. ಅವಳು ನಿಂತಳು, ಆದರೆ ತಕ್ಷಣ ತಿರುಗಲಿಲ್ಲ. ಆ ಬೆನ್ನು ಇವತ್ತಿಗೂ ನನ್ನ ಕಣ್ಣಲ್ಲಿದೆ. ಆಮೇಲೆ ತಿರುಗಿ, "ಯಾಕಮ್ಮಿ?" ಎಂದಳು.

ಕರೆದ ಮೇಲೆ ಏನಾದರೂ ಹೇಳಬೇಕಲ್ಲ. "ಅತ್ತೆ, ವಾಸ್ನೆ ಬ್ಯಾರೆ ಬತ್ತಾ ಅದೆ" ಎಂದುಬಿಟ್ಟೆ. ಬ್ಯಾರನ್ ಇಟ್ಟುಕೊಂಡವರ ಮನೆಯಲ್ಲಿ ಇದಕ್ಕಿಂತ ದೊಡ್ಡ ಸುಳ್ಳಿಲ್ಲ. ಮನೆಗೆ ಬೆಂಕಿ ಬಿದ್ದಿದೆ ಎಂದರೂ ಅಷ್ಟು ಬೇಗ ಓಡಿ ಬರುತ್ತಿದ್ದರೋ ಇಲ್ಲವೋ. ಜಯತ್ತೆ ಸೀರೆ ಎತ್ತಿಕೊಂಡು ಓಡಿಬಂದು ಬಾಗಿಲ ಸಂದಿಗೆ ಮೂಗಿಟ್ಟಳು. ಕಣ್ಣು ಮುಚ್ಚಿದಳು. ಅರ್ಧ ಹಸಿ, ಅರ್ಧ ಹುರಿದದ್ದು, ಕೊನೆಯಲ್ಲಿ ಒಂಚೂರು ಸಿಹಿ, ಇರಬೇಕಾದಂತೆಯೇ ಇತ್ತು. ಕಣ್ಣು ತೆರೆದು ನನ್ನನ್ನು ನೋಡಿದಳು. ನಾನು ಹೇಳಿದ್ದು ಸುಳ್ಳೆಂದು ಅವಳಿಗೆ ಗೊತ್ತಾಯಿತು. ಅಷ್ಟರಲ್ಲಿ ಒದ್ದೆ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಂದ ತಾತ, ವಾಸನೆಗೆ ಏನಾಯಿತೆಂದು ಕೇಳಿದರು. ಏನೂ ಆಗಿಲ್ಲ, ಇವಳು ಸುಳ್ಳು ಹೇಳಿದಳು ಎಂದಿದ್ದರೆ ಸಾಕಿತ್ತು. ತಾತನ ಕೈಯಲ್ಲಿ ನನಗೆ ನಾಲ್ಕು ಬೀಳುತ್ತಿತ್ತು, ಅವಳಿಗೆ ಬಸ್ಸು ಸಿಗುತ್ತಿತ್ತು.

"ಒಸಿ ನೋಡ್ಬೇಕು ಕಣಪ್ಪ" ಎಂದಳು ಜಯತ್ತೆ.

"ಅಂಗಾರೆ ಕುಂತ್ಕೊ ಮಗ. ಬಸ್ಸು ನಾಳೀಕೂ ಬತ್ತದೆ" ಎಂದರು ತಾತ, ಎಂದಿನ ಮೆತ್ತನೆಯ ದನಿಯಲ್ಲಿ. ಬಸ್ಸಿನ ಹಾರ್ನು ರಸ್ತೆಯ ತಿರುವಿನಲ್ಲಿ ಎರಡು ಸಲ ಕೇಳಿ ದೂರವಾಯಿತು. ಅವಳು ಹಸಿರು ಸೀರೆಯಲ್ಲೇ ಚಪ್ಪಡಿ ಕಲ್ಲಿನ ಮೇಲೆ ಕೂತಳು. ಅಜ್ಜಿ ಒಂದು ಲೋಟ ನೀರು ತಂದುಕೊಟ್ಟರು.

ಆ ಸಂಜೆ ಅವಳಾಗಿಯೇ ಕೊನೆಯ ಪುಸ್ತಕ ತಂದಳು. ನಾಲ್ಕು ಪುಟದ ನಿಯಮ ಬಿಟ್ಟು ಉಳಿದಷ್ಟನ್ನೂ ಓದಿದಳು. ಗೋಡೆರಾಯ ಕೊನೆಯ ಸಲ ಸೆರೆಮನೆಯ ಗೋಡೆ ಹಾಯುತ್ತಿದ್ದಾಗ ಒಳಗಿನಿಂದ ಯಾರೋ ಅವನ ಹೆಸರು ಹಿಡಿದು ಕರೆದರು. ಅವನಿಗೆ ಕೇಳಿಸಿತು, ಆದರೆ ತಿರುಗಲಿಲ್ಲ. ಗೋಡೆಯಾಚೆ ಕಾಲಿಟ್ಟ, ಅಲ್ಲಿ ದೊಡ್ಡ ಪಟ್ಟಣ, ದೀಪಗಳು, ಬಸ್ಸುಗಳು. ಮೈಸೂರಿನ ಹಾಗೆಯೇ ಎಂದು ಸೇರಿಸಿ ನಕ್ಕಳು. ಕರೆದದ್ದು ಯಾರು ಎಂದು ನಾನು ನೆಲ ನೋಡುತ್ತಾ ಕೇಳಿದೆ. "ಯಾವ್ದೋ ಚಿಕ್ಕ ಮಗ. ಅದ್ಕೇನ್ ಗೊತ್ತಾಯ್ತದೆ ಬುಡು" ಎಂದಳು. ನಾನು ಪುಸ್ತಕಕ್ಕೆ ಕೈ ಚಾಚುವಷ್ಟರಲ್ಲಿ ಅದನ್ನು ಒಲೆಯ ಬಾಯಿಗೆ ತಳ್ಳಿದಳು. ನನ್ನ ಮೇಲಿನ ಸಿಟ್ಟಿಗೆ ಹಾಗೆ ಮಾಡಿದಳೆಂದು ಎಷ್ಟೋ ವರ್ಷ ಅಂದುಕೊಂಡಿದ್ದೆ.

ಆಮೇಲೆ ಹದಿಮೂರು ವರ್ಷ ಅವಳು ಆ ಗಾಜಿಗೆ ಕಣ್ಣಿಟ್ಟು, ಆ ಸಂದಿಗೆ ಮೂಗಿಟ್ಟು ಕೂತಳು. ಬೇರೆ ಯಾವ ಕಾರ್ಡೂ ಬರಲಿಲ್ಲ, ಭೇರ್ಯದವರೂ ಬರಲಿಲ್ಲ. ನನ್ನನ್ನು ಮಾತ್ರ ಹಟ ಹಿಡಿದು ಮೈಸೂರಿಗೆ ಕಳಿಸಿದಳು. ನಾನು ಹಾಸ್ಟೆಲ್ಲಿಗೆ ಹೊರಟ ದಿನವೂ ಬ್ಯಾರನ್ ಉರಿಯುತ್ತಿತ್ತು. ಅಮ್ಮ ಏನೋ ಮರೆತದ್ದನ್ನು ಕೊಡಲು ನನ್ನನ್ನು ಕರೆಯಹೋದಾಗ ಜಯತ್ತೆ, "ಕರೀಬ್ಯಾಡಿ ಅತ್ತಿಗೆ ಅವ್ಳ, ಓಗ್ಲಿ" ಎಂದದ್ದು ನನ್ನ ಬೆನ್ನಿಗೆ ಕೇಳಿಸಿತು. ನಾನು ತಿರುಗಲಿಲ್ಲ. ತಾತ, ಅಜ್ಜಿ ಹೋದರು. ಬ್ಯಾರನ್ನಿನ ಗೋಡೆ ಒಂದು ಮಳೆಗಾಲ ಕುಸಿಯಿತು, ಯಾರೂ ಎತ್ತಿ ಕಟ್ಟಲಿಲ್ಲ. ಮನೆ ಮಾರಿ ಅಪ್ಪ, ಅಮ್ಮ, ಜಯತ್ತೆ ಹುಣಸೂರಿಗೆ ಬಂದರು. ಹೊಗೆಯೇ ಕಾರಣವೋ ಏನೋ, ಕೊನೆಗಾಲದಲ್ಲಿ ಅವಳ ಮೂಗಿಗೆ ಅನ್ನದ ವಾಸನೆಯೂ ತಿಳಿಯುತ್ತಿರಲಿಲ್ಲ. ಒಂದು ಸಲ ನನ್ನ ಲ್ಯಾಬಿನಲ್ಲೇ ಅವಳ ರಕ್ತ ತೆಗೆಯುತ್ತಾ, ಆವತ್ತು ನಾನು ಹೇಳಿದ್ದು ಸುಳ್ಳು ಎಂದು ಶುರು ಮಾಡಿದೆ. ಅವಳು ಮುಂದೆ ಮಾತಾಡಲು ಬಿಡಲಿಲ್ಲ. "ಆವತ್ತು ವಾಸ್ನೆ ಬ್ಯಾರೇನೆ ಇತ್ತು ಕಣಮ್ಮಿ. ನಿಂದು ಒಳ್ಳೆ ಮೂಗು" ಎಂದು ತೋಳನ್ನು ಮಡಚಿಕೊಂಡಳು.

ಗೊಂಬೆಯ ಜೊತೆ ಒಂದು ಚಿಕ್ಕ ಪುಸ್ತಿಕೆ ಬಂದಿದೆ, ಇಂಗ್ಲಿಷಿನಲ್ಲಿ, ಗೋಡೆರಾಯನ ಪೂರ್ತಿ ಚರಿತ್ರೆ. ಓದಿದೆ. ಕೊನೆಯ ಸಂಚಿಕೆಯಲ್ಲಿ ಅವನನ್ನು ಕರೆದದ್ದು ಸೆರೆಮನೆಯ ಕಾವಲುಗಾರನ ಪುಟ್ಟ ಮಗಳು. ಒಬ್ಬಳೇ ಉಳಿದುಬಿಡುತ್ತೇನೆಂದು ಹೆದರಿ ಕರೆದಳು. ಅವನು ತಿರುಗಿ ನೋಡಿದ. ಗೋಡೆ ಗಟ್ಟಿಯಾಯಿತು. ಕಥೆಯನ್ನು ಅಲ್ಲಿಗೇ ನಿಲ್ಲಿಸಿದ್ದಾರೆ, ಈ ಗೊಂಬೆ ಆ ಕೊನೆಯ ಚಿತ್ರದ್ದೇ ಅಂತೆ. ಸರಿಯಾಗಿ ನೋಡಿದರೆ ಅವನ ಕುತ್ತಿಗೆ ಒಂದಿಷ್ಟು ಹಿಂದಕ್ಕೆ ತಿರುಗಿದೆ. ಜಯತ್ತೆ ನನಗೆ ಓದಿದ್ದು ಪುಸ್ತಕದಲ್ಲಿ ಇಲ್ಲದ್ದು. ಅದರಲ್ಲಿ ನಿಜವಾಗಿ ಇರುವುದನ್ನು ನಾನು ಓದಿಬಿಟ್ಟೇನು ಎಂದೇ ಅದನ್ನು ಒಲೆಗೆ ಹಾಕಿದ್ದಳು.

ಕಳೆದ ಮಾಗಿಯಲ್ಲಿ ಅವಳು ಹೋದಳು. ಹುಣಸೂರಿನ ಮನೆಯಿಂದ ಅವಳನ್ನು ಎತ್ತಿದಾಗ ಅಮ್ಮ, ನೆಂಟರು, ಬೀದಿಯ ಹೆಂಗಸರು, ಜಯಾ, ಜಯಮ್ಮಾ ಎಂದು ಹೆಸರು ಹಿಡಿದು ಕರೆದು ಅತ್ತರು. ಅವಳಿಗೆ ಅಷ್ಟು ಹತ್ತಿರದವಳಾದ ನಾನು ಬಾಯಿ ಬಿಡಲಿಲ್ಲವೆಂದು ಯಾರೋ ಅಂದುಕೊಂಡರಂತೆ. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು, ಬೀದಿಯ ತಿರುವು ದಾಟುವವರೆಗೂ ಬಾಗಿಲಲ್ಲೇ ನಿಂತಿದ್ದೆ. ನಾನು ಕರೆಯಲಿಲ್ಲ.