ಗೌತಮನ ಬೀಗ ಬಿಚ್ಚಿಸಿದ ಮುಬಾಶಿರಾ

ನಮ್ಮ ಮರಳಿ ಊರಿನ ಮುಬಾಶಿರಾ ಯಮನೂರಸಾಬನ ಮಗಳು. ನಮ್ಮದೂ ಅವರದೂ ಗೋಡೆಗೆ ಗೋಡೆ ಹತ್ತಿದ ಮನೆ. ಅವಳಪ್ಪ ಅಕ್ಕಿ ಗಿರಣಿಯಲ್ಲಿ ಭತ್ತ ತೂಗುತ್ತಾನೆ. ಗಂಡ ಸತ್ತ ಮೇಲೆ ನಾನೂ ಅಲ್ಲೇ ಕಸ ಹೊಡೆಯಲು ನಿಂತೆ.

ತೂಕದ ಚೀಟಿ ಬರೆಯಲು ಅಪ್ಪ ಪಡುವ ಪಾಡು ನೋಡಿ ಹುಡುಗಿ ಕಂಪ್ಯೂಟರಿಗೆ ಒಂದು ಪ್ರೋಗ್ರಾಮ್ ಬರೆದಳು. ಯಾರು ಬೇಕಾದರೂ ಬಳಸಲಿ ಎಂದು ಇಂಟರ್ನೆಟ್ಟಿನಲ್ಲಿಟ್ಟಳು. ಷರತ್ತು ಒಂದೇ: ಅದನ್ನು ತಿದ್ದಿ ಇನ್ನೊಬ್ಬರಿಗೆ ಕೊಟ್ಟರೆ, ತಿದ್ದಿದ್ದೂ ಎಲ್ಲರಿಗೂ ತೆರೆದಿರಬೇಕು. ಇದು ನನಗೆ ತಿಳಿಯದ ಮಾತೇನಲ್ಲ. ನಮ್ಮ ಓಣಿಯಲ್ಲಿ ಹಾಲಿಗೆ ಹೆಪ್ಪು ಒಯ್ದವಳು, ನಾಳೆ ಹೆಪ್ಪು ಕೇಳಿ ಬಂದವಳನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಅದಕ್ಕೆ ಯಾರೂ ಆಣೆ ಹಾಕಿಸಿಕೊಂಡಿಲ್ಲ.

ಗಂಗಾವತಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟ ಗೌತಮ ಅದನ್ನು ಒಯ್ದ. ತಕ್ಕಡಿಯ ಅಂಕಿ ತಾನಾಗಿ ಚೀಟಿಗೆ ಬೀಳುವಂತೆ ತಿದ್ದಿ, ಒಳಗಿನ ಬರಹ ಯಾರಿಗೂ ಕಾಣದಂತೆ ಬೀಗ ಹಾಕಿ, ಗಿರಣಿಗಳಿಗೆ ಮಾರತೊಡಗಿದ. ಮುಬಾಶಿರಾ ಅಂಗಡಿಗೇ ಹೋಗಿ ತಿದ್ದಿದ್ದನ್ನು ಕೇಳಿದರೆ, ಗಿರಾಕಿಗಳೆದುರು ನಕ್ಕ.

“ನಿಮ್ಮಪ್ಪಗ ನೆಟ್ಟಗ ತೂಗಾಕ ಬರ್ತೈತೇನು, ಮೊದ್ಲ ನೋಡ್ಕೋ ಹೋಗ.”

ಆ ದಿನ ಹುಡುಗಿ ಉಣ್ಣಲಿಲ್ಲ.

“ಯವ್ವಾ, ನಾಕು ಮಂದಿ ಮುಂದನ ಅವನ ಸೊಕ್ಕು ಇಳಸ್ತೀನಿ.”

“ಇಳಸವ್ವ. ನಾನೂ ಕಣ್ತುಂಬ ನೋಡ್ತೀನಿ” ಎಂದೆ.

ಸುತ್ತಲಿನ ಗಿರಣಿ ಮಾಲೀಕರಿಗೆ ಪ್ರೋಗ್ರಾಮ್ ತೋರಿಸಲು ಗೌತಮ ನಮ್ಮ ಗಿರಣಿಗೇ ಬಂದ. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಮುಬಾಶಿರಾ ಎದ್ದು ನಿಂತಳು.

“ಇದು ನಾ ಬರದಿದ್ದು ಹೌದಿಲ್ರಿ?”

“ಹೌದು. ಪುಗಸಟ್ಟೆ ಬಿದ್ದಿತ್ತು, ತೊಗೊಂಡೆ.”

“ಷರತ್ತು ಓದೀರೇನ್ರಿ?”

“ಓದೀನಿ, ಒಪ್ಪಿಲ್ಲ. ನಾ ಎಲ್ಲಿ ಸಹಿ ಹಾಕೀನಿ ತೋರ್ಸು!”

ಮಂದಿ ನಕ್ಕರು. ಹುಡುಗಿ ಕಾಯುತ್ತಿದ್ದದ್ದು ಇದೇ ಮಾತಿಗೆ.

“ಸಹಿ ಯಾತಕ್ಕರಿ? ಷರತ್ತು ಒಪ್ಪಿಲ್ಲ ಅಂದ್ರ ಮಾರಾಕ ನಿಮಗ ಪರವಾನಗಿ ಕೊಟ್ಟೋರ್ಯಾರು? ನಾ ಕೊಟ್ಟಿದ್ದು ಅದೊಂದ ಪರವಾನಗಿ. ಒಪ್ಪಿದ್ರ ಬೀಗ ಬಿಚ್ರಿ. ಒಪ್ಪದಿದ್ರ ಇದು ಕಳುವು. ಯಾವುದು, ಇಲ್ಲೇ ಹೇಳ್ರಿ.”

ಗೌತಮ ಕಂಪ್ಯೂಟರ್ ಮುಚ್ಚಹೋದ. ನಮ್ಮ ಮಾಲೀಕ ವಿರುಪಾಕ್ಷಿ ಕಪ್ಪು ಕೆಳಗಿಟ್ಟ. “ಕಳುವಿನ ಮಾಲು ನನ್ನ ಗಿರಣ್ಯಾಗ ಇಟ್ಟಿಯೇನಲೇ?”

ಮರುದಿನ ಗೌತಮ ಮುಬಾಶಿರಾಳ ಮನೆಗೆ ಬಂದ. “ತಂಗೀ, ಮಂದೀನ್ನ ಬಿಡು, ನಾವ ಬಗಿಹರಿಸ್ಕೊಳ್ಳೂಣು.”

“ನಗೂದು ಮಂದ್ಯಾಗ, ಮಾಫಿ ಮನ್ಯಾಗ ಏನ್ರಿ? ಗಿರಣಿಗೆ ಬರ್ರಿ.”

ಬಂದ. ಅದೇ ಮಾಲೀಕರ ಮುಂದೆ ತನ್ನ ಕೈಯಿಂದಲೇ ಬೀಗ ಬಿಚ್ಚಿ, ತಿದ್ದಿದ್ದನ್ನೆಲ್ಲ ಎಲ್ಲರಿಗೂ ಕೊಟ್ಟ. ಈ ಸುಗ್ಗಿಯಲ್ಲಿ ಒಂದು ಗಿರಣಿಯವರೂ ಅವನನ್ನು ಕರೆಯಲಿಲ್ಲ.

“ಪಾಪ, ಹುಡುಗ ನೆಲಕ್ಕ ಹತ್ಯಾನ” ಎಂದ ಯಮನೂರಸಾಬ.

ಮುಬಾಶಿರಾ ಪಾಪ ಎನ್ನಲಿಲ್ಲ. ನಾನೂ ಎನ್ನಲಿಲ್ಲ.