ಶಾಂತವ್ವನ ಮನೆಯ ಮೇಲೆ ನಾನು ಹಾಕಿದ ನೋಟಿಸು

2014ರಲ್ಲಿ ನನಗೆ ಅರವತ್ತೊಂದು ವರ್ಷ. ಬರ್ಮಿಂಗ್‌ಹ್ಯಾಮಿನ ಸ್ಪಾರ್ಕ್‌ಹಿಲ್‌ನಲ್ಲಿ ಸಣ್ಣ ಬಿಲ್ಡರ್ ಆಗಿದ್ದೆ. ಮನೆಯ ಹಿಂಬದಿಗೆ ಕೋಣೆ ಸೇರಿಸುವುದು, ಅಡುಗೆಮನೆ ದೊಡ್ಡದು ಮಾಡುವುದು, ಅಟ್ಟವನ್ನು ಮಲಗುವ ಕೋಣೆಯಾಗಿಸುವುದು ನನ್ನ ಕೆಲಸ. ರಾಣೆಬೆನ್ನೂರಿನಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು ನಾನು. ಮನೆಮಾತು ಉರ್ದು. ಬಡಗಿ ಕೆಲಸ ಕಲಿತದ್ದು ಅಪ್ಪನಿಂದ. ಈ ದೇಶದಲ್ಲಿ ಮೂವತ್ತು ವರ್ಷ ಗೋಡೆ ಕಟ್ಟಿದ್ದೇನೆ, ಸೊಟ್ಟ ಕಟ್ಟಿದೆ ಎಂದು ಯಾರೂ ಬೆರಳು ತೋರಿಸಿಲ್ಲ. ಆದರೆ ಆ ವರ್ಷ ಫೆಬ್ರವರಿಯಲ್ಲಿ ಒಂದು ಸರಕಾರಿ ಫಾರ್ಮಿನ ಮೇಲೆ ಒಂದು ಸಾಲು ಸುಳ್ಳು ಬರೆದೆ. ಅದನ್ನು ಇಷ್ಟು ದಿನ ನನ್ನ ಮಕ್ಕಳಿಗೂ ಹೇಳಿರಲಿಲ್ಲ.

ಇದು ಶುರುವಾದದ್ದು ಹಿಂದಿನ ವರ್ಷದ ಬೇಸಿಗೆಯಲ್ಲಿ. ಅದೇ ಊರಿನ ಹಾಲ್ ಗ್ರೀನ್‌ನಲ್ಲಿ ನಳಿನಿ ಎಂಬವರ ಮನೆ. ಅವರು ಆಸ್ಪತ್ರೆಯೊಂದರಲ್ಲಿ ಫಿಸಿಯೋಥೆರಪಿಸ್ಟ್. ಜೊತೆಗಿದ್ದವರು ಅವರ ತಾಯಿ ಶಾಂತವ್ವ, ಎಪ್ಪತ್ತೆಂಟು ವರ್ಷದ ಧಾರವಾಡದ ಹೆಣ್ಣುಮಗಳು. ಮಂಡಿ ನೋವಿನಿಂದ ಆಕೆ ಮೆಟ್ಟಿಲು ಹತ್ತುವಂತಿರಲಿಲ್ಲ. ಅವರಿಗಾಗಿ ಕೆಳಗೇ ಒಂದು ಕೋಣೆ ಮತ್ತು ಒಂದು ವೆಟ್ ರೂಮ್, ಅಂದರೆ ಹೊಸ್ತಿಲಿಲ್ಲದ, ನೇರವಾಗಿ ನಡೆದು ಒಳಹೋಗುವ ಸ್ನಾನದ ಮನೆ, ಕಟ್ಟಿಕೊಡಬೇಕಿತ್ತು. ಇಪ್ಪತ್ತಾರು ಸಾವಿರ ಪೌಂಡಿಗೆ ಮಾತಾಯಿತು. ಬೇರೆ ಗಿರಾಕಿಗಳಾಗಿದ್ದರೆ ಎರಡು ಪುಟದ ಕೊಟೇಶನ್ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಿದ್ದೆ. ಊರ ಕಡೆಯ ನಮ್ಮವರ ಹತ್ತಿರ ಮಾತ್ರ ಕಾಗದ ತೆಗೆಯುತ್ತಿರಲಿಲ್ಲ. ಸಹಿ ಕೇಳಿದರೆ ನಂಬಿಕೆಯಿಲ್ಲ ಎಂದು ಹೇಳಿದಂತಾಗುತ್ತದೆ ಎಂಬುದು ನಮ್ಮ ಲೆಕ್ಕಾಚಾರ. ಚಹಾ ಕುಡಿದು, ಕೈ ಕುಲುಕಿ, ಮರುದಿನ ಗುದ್ದಲಿ ಹಿಡಿದು ಬಂದೆ.

ಜುಲೈನಲ್ಲಿ ರಂಜಾನ್ ಬಂತು. ಇಲ್ಲಿ ಬೇಸಿಗೆಯ ಉಪವಾಸ ಹದಿನೆಂಟು ತಾಸು. ಮೊದಲ ದಿನ ನಾನು ಊಟ ಬೇಡವೆಂದಾಗ ಶಾಂತವ್ವ ಗದರಿದರು. "ಹೇಳಬಾರದೇನೋ ದಸ್ತಗೀರಾ? ನಿನ್ನ ಮುಂದ ಬದನಿಕಾಯಿ ಪಲ್ಯಾದ ವಾಸನಿ ಬಿಟ್ಟು ನನಗ್ಯಾಕ ಪಾಪ ಹಚ್ಚತಿ?" ಅಂದಿನಿಂದ ಮಧ್ಯಾಹ್ನ ಆ ಮನೆಯಲ್ಲಿ ಒಗ್ಗರಣೆ ಹಾಕಲಿಲ್ಲ. ಸಂಜೆ ನಾನು ಹೊರಡುವಾಗ ಡಬ್ಬಿಯಲ್ಲಿ ನಾಲ್ಕು ಜೋಳದ ರೊಟ್ಟಿ, ಪಲ್ಯ, ಒಂದು ಉಂಡೆ ಬೆಣ್ಣೆ ಇರುತ್ತಿತ್ತು. ತಿಂಗಳಿಡೀ ಇದು ತಪ್ಪಲಿಲ್ಲ.

ನಾನೂ ನನ್ನ ಕಡೆಯಿಂದ ಏನಾದರೂ ಮಾಡಬೇಕೆನಿಸಿತು. ವೆಟ್ ರೂಮಿನಲ್ಲಿ ಕೂತು ಸ್ನಾನ ಮಾಡಲು ಒಂದು ಮಡಚುವ ಬೆಂಚು, ಹಿತ್ತಿಲ ಬಾಗಿಲಿಗೆ ಇಳಿಜಾರು ಹಾದಿ, ಅದಕ್ಕೊಂದು ಕಂಬಿ. ಇದೆಲ್ಲ ಮಾತಿನಲ್ಲಿ ಇರಲಿಲ್ಲ. ಉಳಿದ ಓಕ್ ಹಲಗೆಯಲ್ಲಿ ಗೋಡೆಗೆ ಒಂದು ದೇವರ ಗೂಡನ್ನೂ ಮಾಡಿದೆ. ಮೇಲೆ ಸಣ್ಣ ಕಮಾನು, ಕೆಳಗೆ ಕುಂಕುಮದ ಬಟ್ಟಲಿಗೆ ಒಂದು ಡ್ರಾಯರ್. ಬೆಲೆ ಕೇಳಿದಾಗ ನಾನು ಹೇಳಿದ ಮಾತು ನನಗೆ ಚೆನ್ನಾಗಿ ನೆನಪಿದೆ. "ಅವ್ವಾ, ಇದಕ್ಕ ಲೆಕ್ಕ ಇಲ್ರಿ. ಎಲ್ಲಾ ನನ್ನ ಕಡಿಂದ ಇರ್ಲಿ."

ಕೆಲಸ ಮುಗಿಯಿತು. ಕೊನೆಯ ಕಂತು ಎರಡು ಸಾವಿರದ ನಾನ್ನೂರು ಬಾಕಿ ಇದ್ದಾಗ ಕಿಟಕಿಯ ಕೆಳಗೆ ಅಂಗೈಯಷ್ಟು ತೇವ ಕಾಣಿಸಿತು. ನಳಿನಿ ಎರಡು ಸಲ ಫೋನ್ ಮಾಡಿದರು. ನಾನು ಬರುತ್ತೇನೆಂದು ಹೇಳಿ ಹೋಗಲಿಲ್ಲ. ಮೂರನೆಯ ಸಲ ಅವರು ಈಮೇಲ್ ಕಳಿಸಿದರು. ಅದರಲ್ಲಿ ನನ್ನ ಹೆಸರಿನ ಮುಂದೆ ಮಿಸ್ಟರ್, ಕೆಳಗೆ ಕಟ್ಟಡ ಪರೀಕ್ಷಿಸುವ ಒಬ್ಬ ಸರ್ವೇಯರ್ ಬರೆದ ದೋಷಗಳ ಪಟ್ಟಿ, ತೇವ ಸರಿಹೋಗುವವರೆಗೆ ಕೊನೆಯ ಕಂತು ತಡೆಹಿಡಿಯುತ್ತೇನೆ ಎಂಬ ಒಂದು ಸಾಲು. ಅವರು ಬರೆದದ್ದು ನ್ಯಾಯವೇ. ಆದರೆ ಉಪ್ಪು ತಿಂದ ಮನೆಯಿಂದ ಮಿಸ್ಟರ್ ಎಂದು ಬಂದ ಕಾಗದ ನನ್ನನ್ನು ಚುಚ್ಚಿತು. ಆ ಸಿಟ್ಟಿನಲ್ಲಿ ಹೊಸ ಬಿಲ್ ಬರೆದೆ. ಬೆಂಚು, ಇಳಿಜಾರು, ಕಂಬಿ, ದೇವರ ಗೂಡು, ಎಲ್ಲ ಸೇರಿ ಸಾವಿರದ ಏಳುನೂರು. ಗೂಡಿಗೆ ಮುನ್ನೂರೈವತ್ತು ಎಂದು ಬೇರೆಯಾಗಿಯೇ ನಮೂದಿಸಿದೆ. ಉತ್ತರ ಬರಲಿಲ್ಲ.

ಜನವರಿಯಲ್ಲಿ ನಳಿನಿಗೆ ನಾಟಿಂಗ್‌ಹ್ಯಾಮಿನ ಆಸ್ಪತ್ರೆಯಲ್ಲಿ ಮೇಲಿನ ಹುದ್ದೆ ಸಿಕ್ಕಿತು. ಹೋಗಿ ಬರಲು ದಿನಕ್ಕೆ ಮೂರು ತಾಸಿನ ದಾರಿ. ಒಂದು ದಿನ ಅವರು ಬರುವಷ್ಟರಲ್ಲಿ ತಾಯಿ ಅಡುಗೆಮನೆಯಲ್ಲಿ ಬಿದ್ದು ಎರಡು ತಾಸು ಹಾಗೇ ನೆಲದ ಮೇಲಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ. ಆಮೇಲೆ ನಳಿನಿ ಮನೆ ಮಾರಾಟಕ್ಕಿಟ್ಟು, ಆಸ್ಪತ್ರೆಯಿಂದ ಹತ್ತು ನಿಮಿಷದ ದೂರದಲ್ಲಿ ಮಹಡಿಯಿಲ್ಲದ ಒಂದು ಬಂಗಲೆ ನೋಡಿದರು. ಇದು ಮಾರಿದರೆ ಅದು ಸಿಗುತ್ತದೆ. ಬಿದ್ದ ವಿಷಯ ನನಗೆ ಆಗ ಗೊತ್ತಿರಲಿಲ್ಲ. ಮನೆಯ ಮುಂದೆ ನೆಟ್ಟ ಮಾರಾಟದ ಬೋರ್ಡು ಮಾತ್ರ ನನ್ನ ಕಣ್ಣಿಗೆ ಬಿತ್ತು.

ಆ ವಾರ ಅಮೆರಿಕದ ಒಹಾಯೊದಿಂದ ನನ್ನ ಹೆಂಡತಿಯ ತಮ್ಮ ಇಕ್ಬಾಲ್ ಫೋನ್ ಮಾಡಿದ. ಅವನೂ ಕಟ್ಟಡದ ಕಂಟ್ರಾಕ್ಟರ್. ನನ್ನ ಗೋಳು ಕೇಳಿ ನಕ್ಕ. "ಭಾಯಿ, ಇಷ್ಟಕ್ಕೆ ತಲೆ ಬಿಸಿನಾ? ನಾನಾಗಿದ್ರೆ ಕೌಂಟಿ ರೆಕಾರ್ಡರ್ ಆಫೀಸಿಗೆ ಹೋಗಿ ಮೆಕ್ಯಾನಿಕ್ಸ್ ಲೀನ್ ಹಾಕಿ ಮನೇಲಿ ಮಲಗ್ತಿದ್ದೆ. ಮಾರೋಕೆ ಹೋದಾಗ ಅವರೇ ಓಡಿ ಬರ್ತಾರೆ."

ಲೀನ್ ಎಂದರೆ, ಮನೆ ಕಟ್ಟಿದವನಿಗೆ ಹಣ ಬರಬೇಕಿದೆ ಎಂದು ಆ ಮನೆಯ ದಾಖಲೆಯ ಮೇಲೆಯೇ ಬರೆಸುವುದು. ಹಣ ತೀರುವವರೆಗೆ ಅದು ಮನೆಗೆ ಅಂಟಿಕೊಂಡಿರುತ್ತದೆ. ಇಂಗ್ಲೆಂಡಿನಲ್ಲಿ ಬಿಲ್ಡರನಿಗೆ ಅಂಥ ಹಕ್ಕಿಲ್ಲ. ಮೊದಲು ಕೋರ್ಟಿಗೆ ಹೋಗಿ ಗೆಲ್ಲಬೇಕು, ಆಮೇಲೆ ಮನೆಯ ಮೇಲೆ ಹೊಣೆ ಹೊರಿಸುವ ಆದೇಶ ಪಡೆಯಬೇಕು, ಆಮೇಲಷ್ಟೇ ನೋಂದಣಿ. ಕೋರ್ಟಿನಲ್ಲಿ ಆ ತೇವದ ಮಾತು ಬರುತ್ತದೆ, "ಲೆಕ್ಕ ಇಲ್ಲ" ಎಂದ ಮಾತೂ ಬರುತ್ತದೆ. ನನಗೆ ಅದು ಬೇಡವಾಗಿತ್ತು. ಲೈಬ್ರರಿಯ ಕಂಪ್ಯೂಟರಿನ ಮುಂದೆ ಎರಡು ದಿನ ಕೂತು ಒಂದು ಹಿತ್ತಿಲ ಬಾಗಿಲು ಹುಡುಕಿದೆ. ಅದರ ಹೆಸರು ಯೂನಿಲ್ಯಾಟರಲ್ ನೋಟಿಸ್. ಒಬ್ಬರ ಆಸ್ತಿಯಲ್ಲಿ ನಮಗೆ ಹಕ್ಕಿದೆ ಎಂದು ಮಾಲೀಕರ ಒಪ್ಪಿಗೆಯಿಲ್ಲದೆ ಲ್ಯಾಂಡ್ ರಿಜಿಸ್ಟ್ರಿ ಎಂಬ ಆಸ್ತಿ ದಾಖಲೆಯ ಕಚೇರಿಯಲ್ಲಿ ಬರೆಸುವ ಕ್ರಮ. ಫಾರ್ಮಿನ ಹೆಸರು ಯುಎನ್1. ಹಕ್ಕು ಹೇಗೆ ಬಂತೆಂದು ಬರೆದು ಸಹಿ ಮಾಡಬೇಕು. ಅದಕ್ಕೆ ಪುರಾವೆಯನ್ನು ಆ ಹಂತದಲ್ಲಿ ಕೇಳುವುದಿಲ್ಲ. ನಮೂದಿಸಿಕೊಂಡು ಮಾಲೀಕರಿಗೆ ತಿಳಿಸುತ್ತಾರೆ, ಅಷ್ಟೆ.

ಫೆಬ್ರವರಿ 24, ಸೋಮವಾರ. ಆ ಖಾಲಿ ಜಾಗದಲ್ಲಿ ನಾನು ಬರೆದೆ: ನನಗೆ ಬರಬೇಕಾದ ನಾಲ್ಕು ಸಾವಿರದ ನೂರು ಪೌಂಡಿಗೆ ಈ ಮನೆಯೇ ಆಧಾರವೆಂದು ಮಾಲೀಕರು ಒಪ್ಪಿದ್ದಾರೆ. ಅವರು ಒಪ್ಪಿರಲಿಲ್ಲ. ಆ ಮಾತು ನಮ್ಮ ನಡುವೆ ಬಂದೇ ಇರಲಿಲ್ಲ. ಆದರೂ ಸಹಿ ಹಾಕಿ ಅಂದೇ ಅಂಚೆಗೆ ಹಾಕಿದೆ.

ಮಾರ್ಚ್ 10ರಂದು ನಳಿನಿ ಫೋನ್ ಮಾಡಿದರು.

"ದಸ್ತಗೀರ್ ಭಾಯಿ, ನಮ್ಮ ಮನೆ ಟೈಟಲ್ ಮೇಲೆ ನೋಟಿಸ್ ಹಾಕಿದ್ದು ನೀವೇನಾ?"

"ಹೌದು."

"ಶುಕ್ರವಾರದ ಒಳಗೆ ಕ್ಲಿಯರ್ ಆಗದಿದ್ರೆ ಬೈಯರ್ ಬೇರೆ ಮನೆ ನೋಡ್ತಾರಂತೆ. ಕ್ಯಾನ್ಸಲ್ ಮಾಡಿಸೋಕೆ ನಾನು ಅಪ್ಲೈ ಮಾಡಬಹುದು. ಆದ್ರೆ ಅಬ್ಜೆಕ್ಟ್ ಮಾಡೋಕೆ ನಿಮಗೆ ಹದಿನೈದು ವರ್ಕಿಂಗ್ ಡೇಸ್ ಕೊಡ್ತಾರಂತೆ. ಅಷ್ಟರಲ್ಲಿ ಎಲ್ಲ ಮುಗಿದಿರುತ್ತೆ."

"ಹಾಗಾದ್ರೆ ದುಡ್ಡು ಕೊಟ್ಟುಬಿಡಿ ಮೇಡಂ" ಎಂದೆ. ಭಾಯಿ ಎಂದವರಿಗೆ ಮೇಡಂ ಎಂದೆ. ಇಕ್ಬಾಲ್ ಹೇಳಿದಂತೆಯೇ ಓಡಿ ಬಂದರಲ್ಲ ಎಂದು ಒಳಗೊಳಗೇ ಸಿಹಿಯಾಯಿತು. ಆ ಸಿಹಿ ಒಂದು ರಾತ್ರಿಯೂ ಉಳಿಯಲಿಲ್ಲ. ಅವರು ಫೋನ್ ಇಡುವ ಮೊದಲು ಹೇಳಿದ್ದರು: "ಅಮ್ಮ ಜನವರಿಯಲ್ಲಿ ಬಿದ್ದಿದ್ರು. ಎರಡು ಗಂಟೆ ಯಾರೂ ಇರಲಿಲ್ಲ. ನಿಮಗೆ ಗೊತ್ತಿರಲಿ ಅಂತ ಹೇಳಿದೆ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಶಾಂತವ್ವನೇ ಫೋನ್ ಮಾಡಿದರು. "ದಸ್ತಗೀರಾ, ನಿಂದೊಂದು ಸಾಮಾನು ನಮ್ಮ ಮನ್ಯಾಗ ಉಳದೈತಿ. ಬಂದು ಒಯ್ಯಿ."

ಹೋದೆ. ನಳಿನಿ ಕೆಲಸಕ್ಕೆ ಹೋಗಿದ್ದರು. ಬಾಗಿಲು ತೆರೆದ ಶಾಂತವ್ವ ಕೋಲು ಊರಿಕೊಂಡು ಮುಂದೆ ನಡೆದರು. ಕೋಣೆಯ ಗೋಡೆಯಲ್ಲಿ ನಾಲ್ಕು ತೂತುಗಳಿದ್ದವು. ದೇವರ ಗೂಡು ಮಂಚದ ಮೇಲೆ ಟವೆಲಿನಲ್ಲಿ ಸುತ್ತಿಟ್ಟಿತ್ತು. ಪಕ್ಕದಲ್ಲಿ ಉಪ್ಪಿನಕಾಯಿಯ ತೊಳೆದ ಭರಣಿಯೊಳಗೆ ಸ್ಕ್ರೂಗಳು. ದೇವರುಗಳೆಲ್ಲ ಕಿಟಕಿಕಟ್ಟೆಯ ಮೇಲೆ, ಆ ತೇವದ ಕಲೆಯ ಮೇಲುಗಡೆ, ಸಾಲಾಗಿ ಕೂತಿದ್ದವು.

"ಬಾಜೂ ಮನಿಯಾವನ ಕರದು ಬಿಚ್ಚಿಸೀನಿ" ಎಂದರು. "ಎಣಿಸಿಕೋ, ಸ್ಕ್ರೂ ಹನ್ನೆರಡು ಅದಾವು."

"ಅವ್ವಾ…"

"ಮುನ್ನೂರೈವತ್ತು ಅಂತ ಹಾಕಿಯಂತ. ಕಡಿಮಿ ಹಾಕಿ ಬಿಡು, ಕೆಲಸ ಛಲೋ ಐತಿ. ಆ ಬೆಂಚನೂ ಬಿಚ್ಚಿಸ್ತಿದ್ದೆ, ಅವಗ ಬರಲಿಲ್ಲ. ನೀನಽ ಬಿಚ್ಚಿಕೋ. ಇವು ನಿನ್ನವು, ಒಯ್ಯಿ. ಆದ್ರ ಮನಿ ನನ್ನ ಮಗಳದು. ಅದನ್ನ್ಯಾಕ ಹಿಡಕೊಂಡು ಕುಂತಿ?"

ನಾನು ಗೂಡನ್ನು ಎತ್ತಲಿಲ್ಲ. ಅವರು ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ.

"ಲೆಕ್ಕ ಇಲ್ಲ ಅಂದಿದ್ದಿಲ್ಲೋ, ನನಗಽ ಮರವು ಬಂದೈತೋ?"

ಎಪ್ಪತ್ತೆಂಟರ ಹೆಂಗಸು ನಿಜವಾಗಿಯೂ ತನ್ನ ನೆನಪಿನ ಮೇಲೆ ಅನುಮಾನಪಟ್ಟು ಕೇಳಿದ ಪ್ರಶ್ನೆ ಅದು. ಹೂಂ, ನಿಮಗೇ ಮರೆವು ಎಂದುಬಿಟ್ಟಿದ್ದರೆ ನನ್ನ ಫಾರ್ಮು ಗಟ್ಟಿಯಾಗುತ್ತಿತ್ತು.

"ಅಂದಿದ್ದೆ ಅವ್ವಾ. ನಿಮಗ ಮರವು ಬಂದಿಲ್ಲ" ಎಂದೆ.

"ಹಂಗಾದ್ರ ಕುಂದರು. ಚಾ ಮಾಡತೀನಿ."

ಚಹಾ ಆಗುವಷ್ಟರಲ್ಲಿ ವ್ಯಾನಿನಿಂದ ಏಣಿ ತಂದು ಹೊರಗಿನಿಂದ ಕಿಟಕಿ ನೋಡಿದೆ. ಕಟ್ಟೆಯ ಕೆಳಗೆ, ನೀರು ಒಳಗಿಳಿಯದಂತೆ ಹಚ್ಚುವ ಸೀಲೆಂಟ್ ಒಂದು ಗೇಣು ಬಿಟ್ಟುಹೋಗಿತ್ತು. ನಾನೇ ಬಿಟ್ಟದ್ದು. ಇಪ್ಪತ್ತು ನಿಮಿಷದ ಕೆಲಸ, ಆಗಲೇ ಮುಗಿಸಿದೆ. ಇದನ್ನು ಏಳು ತಿಂಗಳು ಮುಂದೂಡಿದ್ದೆ.

ಅಲ್ಲಿಂದ ನೇರವಾಗಿ ನಳಿನಿಯವರ ವಕೀಲರ, ಅಂದರೆ ಸಾಲಿಸಿಟರ್ ಆಫೀಸಿಗೆ ಹೋದೆ. ನೋಟಿಸು ಹಾಕಿದವನೇ ಹಿಂತೆಗೆಯುವ ಫಾರ್ಮಿನ ಹೆಸರು ಯುಎನ್2. ಒಂದೇ ಪುಟದಷ್ಟು ಕೆಲಸ. ಸಾಲಿಸಿಟರ್ ಹೆಣ್ಣುಮಗಳು ಅದನ್ನು ಎರಡು ಸಲ ಓದಿ, ಸರಿಯಾದ ಕಾರಣವಿಲ್ಲದೆ ಇಂಥ ನೋಟಿಸು ಹಾಕಿ ಯಾರಿಗಾದರೂ ನಷ್ಟವಾದರೆ ಹಾಕಿದವನೇ ಕಟ್ಟಿಕೊಡಬೇಕಾಗುತ್ತದೆ, ಗೊತ್ತೇ ಎಂದು ಕೇಳಿದರು. ಗೊತ್ತಿರಲಿಲ್ಲ. ಮನೆ ಮಾರಾಟ ಮುರಿದಿದ್ದರೆ ನನ್ನ ಸ್ವಂತ ಮನೆಯೂ ಉಳಿಯುತ್ತಿತ್ತೋ ಇಲ್ಲವೋ. ಅವರು ಅಂದೇ ಅದನ್ನು ಕಂಪ್ಯೂಟರ್ ಮೂಲಕ ಕಳಿಸಿದರು, ತುರ್ತು ಎಂದು ಬರೆದು.

ಬುಧವಾರ ಏನೂ ತಿಳಿಯಲಿಲ್ಲ. ಆ ದಿನ ಒಂದು ಮೊಳೆಯನ್ನೂ ನೆಟ್ಟಗೆ ಹೊಡೆಯಲಾಗಲಿಲ್ಲ. ಗುರುವಾರ ಮಧ್ಯಾಹ್ನ ನಳಿನಿಯ ಮೆಸೇಜ್ ಬಂತು: "ರಿಜಿಸ್ಟರ್ ಕ್ಲಿಯರ್. ನಾಳೆ ಎಕ್ಸ್‌ಚೇಂಜ್." ಎಕ್ಸ್‌ಚೇಂಜ್ ಎಂದರೆ ಎರಡೂ ಕಡೆಯವರು ಒಪ್ಪಂದಕ್ಕೆ ಬದ್ಧರಾಗುವ ದಿನ. ಆಮೇಲೆ ಯಾರೂ ಹಿಂದೆ ಸರಿಯುವಂತಿಲ್ಲ. ಸಾರುವೆಯ ಹಲಗೆಯ ಮೇಲೆ ಕೂತು ಆ ಮೆಸೇಜನ್ನು ನಾಲ್ಕು ಸಲ ಓದಿದೆ. ಎದೆಯ ಮೇಲಿನ ಸಿಮೆಂಟ್ ಚೀಲವನ್ನು ಯಾರೋ ಇಳಿಸಿಕೊಂಡಂತಾಯಿತು. ಶುಕ್ರವಾರ ಒಪ್ಪಂದವಾಯಿತು. ತಡೆಹಿಡಿದ ಕಂತನ್ನು ನಳಿನಿ ಅದೇ ಸಂಜೆ ನನ್ನ ಖಾತೆಗೆ ಹಾಕಿದರು, ನಾನು ಕೇಳುವ ಮೊದಲೇ.

ಮೇ ತಿಂಗಳಲ್ಲಿ ನಾಟಿಂಗ್‌ಹ್ಯಾಮಿಗೆ ಹೋಗಿ ಹೊಸ ಮನೆಯಲ್ಲಿ ಆ ಗೂಡನ್ನು ಕೂರಿಸಿದೆ. ಶಾಂತವ್ವ ಕುರ್ಚಿಯಲ್ಲಿ ಕೂತೇ ದೀಪ ಹಚ್ಚುವಂತೆ ಈ ಸಲ ಒಂದು ಅಡಿ ಕೆಳಗೆ. ಕೊನೆಯ ಸ್ಕ್ರೂ ಬಿಗಿಸುವಷ್ಟರಲ್ಲಿ ಅವರು ಮಗಳ ಮೇಜಿನಿಂದ ಒಂದು ಬಿಳಿ ಹಾಳೆ, ಪೆನ್ನು ತಂದು ನನ್ನ ಮುಂದಿಟ್ಟರು.

"ಬರಿ."

"ಏನಂತ ಅವ್ವಾ?"

"ಲೆಕ್ಕ ಇಲ್ಲ ಅಂತ. ಸಹಿ ಹಾಕು, ತಾರೀಖು ಹಾಕು. ನಿನ್ನ ಬಾಯಿ ಮ್ಯಾಲೆ ನನಗ ನಂಬಿಕಿ ಐತಿ. ಆದ್ರ ನನ್ನ ಬುದ್ಧಿ ಮ್ಯಾಲೆ ನನಗಽ ಅನುಮಾನ ಬರೋಹಂಗ ಮಾಡಿದ್ಯಲ್ಲ, ಅದಕ್ಕ."

ನಳಿನಿ ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದರು. ಕನ್ನಡದಲ್ಲೇ ಬರೆದೆ, ಎರಡು ಸಾಲು, ಕೆಳಗೆ ಸಹಿ. ಶಾಂತವ್ವ ಓದಿ ನೋಡಿ, ಮಡಚಿ, ಕುಂಕುಮದ ಬಟ್ಟಲಿನ ಕೆಳಗೆ ಡ್ರಾಯರಿನಲ್ಲಿಟ್ಟರು.

ಕೆಲಸದಿಂದ ನಿವೃತ್ತನಾಗುವವರೆಗೆ ಆಮೇಲೆ ಐದು ವರ್ಷ ದುಡಿದೆ. ನಮ್ಮವರಾಗಲಿ ಬೇರೆಯವರಾಗಲಿ, ಕೆಲಸ ಹಿಡಿಯುವ ಮೊದಲು ಒಂದು ಪುಟ ಬರೆದು ಕೊಡುತ್ತಿದ್ದೆ. ಏನು ಮಾಡುತ್ತೇನೆ, ಎಷ್ಟು ತೆಗೆದುಕೊಳ್ಳುತ್ತೇನೆ. ಪುಟದ ಕೊನೆಯಲ್ಲಿ ಇನ್ನೊಂದು ಸಾಲು ಇರುತ್ತಿತ್ತು: ಪ್ರೀತಿಯಿಂದ ಮಾಡಿದ್ದಕ್ಕೆ ಲೆಕ್ಕ ಇಲ್ಲ. ಕೆಲವರು ಇದೇನು ಎಂದು ನಗುತ್ತಿದ್ದರು. ಅದು ಗಿರಾಕಿಗಳಿಗಾಗಿ ಬರೆದದ್ದಲ್ಲ, ನನ್ನನ್ನು ಕಟ್ಟಿಹಾಕಲು ಬರೆದದ್ದು ಎಂದು ಅವರಿಗೆ ಹೇಳುತ್ತಿರಲಿಲ್ಲ.