ಒಳಚಿಲಕವಿಲ್ಲದ ಮನೆ

ಬೀದಿಗೆಲ್ಲ ಬೀಗ ಕೂರಿಸಿಕೊಟ್ಟ ಮನುಷ್ಯ ತನ್ನ ಮನೆಯ ಒಂದು ಕೋಣೆಗೂ ಒಳಚಿಲಕ ಉಳಿಸಿಕೊಂಡಿಲ್ಲವೆಂದರೆ ಯಾರು ನಂಬುತ್ತಾರೆ? ನಮ್ಮ ಬೀಗದವನು ಬಚ್ಚಲಿನದನ್ನೂ ಬಿಡದೆ ಎಲ್ಲವನ್ನೂ ತಾನೇ ಬಿಚ್ಚಿ ತಂದು ಅಂಗಡಿಯ ಡಬ್ಬಿಗೆ ಹಾಕಿದ್ದ. ಹನ್ನೊಂದು ವರ್ಷದ ಹಿರಿಮಗಳು ಸಿಟ್ಟಿನಲ್ಲಿ ಚಿಲಕ ಹಾಕಿಕೊಂಡು ಏನಾದರೂ ಮಾಡಿಕೊಂಡುಬಿಟ್ಟರೆ ಎಂಬ ಭಯ ಅವನಿಗೆ.

ಚಿಕ್ಕವಳಿದ್ದಾಗ ಅವಳನ್ನು ಮೆಣಸಿನಕಾಯಿ ಎಂದು ಕರೆದು ನಗುತ್ತಿದ್ದೆವು. ಈಗ ಯಾರೂ ಹಾಗೆ ಕರೆಯುವುದಿಲ್ಲ. ಪೆನ್ಸಿಲಿನ ಮೊನೆ ಮುರಿದರೆ, ನೀರಿನ ಲೋಟ ಬದಲಾದರೆ ಸಾಕು, ಮುಕ್ಕಾಲು ಗಂಟೆ ಕಿರುಚಾಟ. ಕೈಗೆ ಸಿಕ್ಕಿದ್ದೆಲ್ಲ ಗೋಡೆಗೆ. ನಾಲ್ಕು ವರ್ಷದ ತಂಗಿ ಪುಟ್ಟಿ ಮಂಚದಡಿ ಸೇರುತ್ತಿದ್ದಳು. ಅಂಗಡಿಯಲ್ಲಿ ಫೋನ್ ಸದ್ದಾದರೆ ಅಪ್ಪ ಕೀಲಿ ಉಜ್ಜುವ ಅರ ಕೆಳಗಿಟ್ಟು ಬೆವರುತ್ತಿದ್ದ. ಮುದ್ದು ಹೆಚ್ಚಾಯಿತು, ಎರಡೇಟು ಬಿಟ್ಟರೆ ದಾರಿಗೆ ಬರುತ್ತಾಳೆ ಎಂದು ಉಪದೇಶ ಕೊಟ್ಟವರಲ್ಲಿ ಪಕ್ಕದ ಚಪ್ಪಲಿ ಅಂಗಡಿಯ ನಾನೂ ಒಬ್ಬ. ಆಗ ನನ್ನ ಬಾಯಿಗೇ ಒಂದು ಬೀಗ ಬೇಕಿತ್ತು.

ಶಾಲೆಯಲ್ಲೂ ಮೇಜು ಉರುಳಿಸಿದ ಮೇಲೆ ಟೀಚರು ಮಕ್ಕಳ ಮನೋವೈದ್ಯೆಯ ಬಳಿ ಕಳಿಸಿದರು. ವಾರಕ್ಕೆ ನಾಲ್ಕು ಸಲವಾದರೂ ಹೀಗೆ, ಒಂದೂವರೆ ವರ್ಷದಿಂದ ಎಂದು ಬೀಗದವನು ಒಪ್ಪಿಸಿದ. ಡಾಕ್ಟರಮ್ಮ ಬರೆದುಕೊಂಡು ಕೇಳಿದರಂತೆ:

"ಕಿರುಚಾಟ ಇಲ್ಲದಾಗ ಹೇಗಿರ್ತಾಳೆ?"

ಅವನು ಪಕ್ಕದಲ್ಲಿದ್ದ ಹೆಂಡತಿಯ ಕಡೆ ತಿರುಗಿದ. ಆ ಹೊತ್ತಿನಲ್ಲಿ ಅವನು ಅವಳ ಮುಖ ನೋಡಿರಲೇ ಇಲ್ಲ. ಸದ್ಯ ಸುಮ್ಮನಿದ್ದಾಳಲ್ಲ ಎಂದು ಉಸಿರು ಬಿಗಿಹಿಡಿದು ಓಡಾಡುತ್ತಿದ್ದ. ದಿನವಿಡೀ ಸಿಡಿಮಿಡಿ, ನಕ್ಕಿದ್ದು ಯಾವಾಗಲೋ ಎಂದು ಹೆಂಡತಿಯೇ ಸಣ್ಣ ದನಿಯಲ್ಲಿ ಹೇಳಿದಳು. ಇದು ಹಠವಲ್ಲ, ಮನಸ್ಸಿನ ತೊಂದರೆ, ಇದಕ್ಕೂ ಚಿಕಿತ್ಸೆಯಿದೆ, ವಾರವಾರ ಬನ್ನಿ, ಅವಳ ಜೊತೆಗೂ ನಿಮ್ಮಿಬ್ಬರ ಜೊತೆಗೂ ಮಾತಾಡಬೇಕು ಎಂದರು ಡಾಕ್ಟರಮ್ಮ.

ಮರುದಿನ ಶಾಲೆ ಬಿಟ್ಟ ಮೇಲೆ ಹುಡುಗಿ ನೇರ ಅಂಗಡಿಗೇ ಬಂದಳು. ಬ್ಯಾಗು ಇಳಿಸದೆ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಚಿಲಕ ತೆಗೆದು ಅಪ್ಪನ ಮುಂದಿಟ್ಟಳು.

"ಇದನ್ನ ನನ್ನ ರೂಮಿಗೆ ಹಾಕಪ್ಪಾ."

"ಒಳಗಡೆ ಚಿಲಕ ಬೇಡ ಕಣಮ್ಮಾ."

"ಒಳಗಲ್ಲ, ಹೊರಗೆ. ಸಿಟ್ಟು ಬಂದಾಗ ನನ್ನ ಕೂಡಿ ಹಾಕಿಬಿಡು. ಪುಟ್ಟಿಗೆ ಏನಾದ್ರೂ ಮಾಡಿಬಿಟ್ರೆ? ನಂಗೆ ನಾನಂದ್ರೇ ಭಯ ಆಗುತ್ತೆ."

ಅವಳಿಗೆ ಹೆದರಿ ಹೆದರಿ ಸವೆದಿದ್ದವನಿಗೆ, ಅವಳೂ ಹೆದರಿದ್ದಾಳೆಂದು ಹೊಳೆದೇ ಇರಲಿಲ್ಲ. ಅವನು ಅತ್ತದ್ದನ್ನು ನಾನು ಕಂಡದ್ದು ಅಂದೇ. ಚಿಲಕವನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿ, "ಹೊರಗಿಂದ ಹಾಕಲ್ಲ. ಸಿಟ್ಟು ಬಂದಾಗ ನಾನೂ ಒಳಗೇ ಇರ್ತೀನಿ" ಎಂದ.

ಹೇಳಿದನೇ ಹೊರತು ಭಯವೇನೂ ಹೋಗಿರಲಿಲ್ಲ. ಅಂಗಡಿಯ ಬಾಗಿಲೆಳೆದು ಬೀಗ ಹಾಕಲು ಹೋದರೆ, ಆ ನುರಿತ ಕೈಗೆ ಬೀಗದ ತೂತೇ ಸಿಗಲಿಲ್ಲ. ನಾನು ಹಾಕಿಕೊಟ್ಟೆ.